ಹಳ್ಳಿಮನೆಗೆ 900 ವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ: ಗಾಳಿಮಳೆಯ ದಿನಗಳಿಗೆ ಈ ಜೋಡಿ ಸಾಕೇ?

ಇನ್ವರ್ಟರ್ ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ಗಂಟೆ ಬರುತ್ತೆ?’ ಎಂದು. ಕರೆಂಟು ಹೋಗಿ ಎರಡು ಗಂಟೆಯೊಳಗೆ ವಾಪಸ್ ಬರುವ ಪೇಟೆಮನೆಗೆ ಆ ಪ್ರಶ್ನೆ ಸಾಕು. ತೋಟದ ನಡುವೆ, ಲೈನಿನ ಕೊನೆಯ ಕಂಬದಲ್ಲಿ ಇರುವ ಮನೆಗೆ ಸಾಲದು. ಅಲ್ಲಿ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಮೂರು ದಿನ ಕತ್ತಲೆ. ನಡುವೆ ಅರ್ಧ ಗಂಟೆ ಕರೆಂಟು ಬಂದು ಹೋಗುತ್ತದೆ, ಬಂದಷ್ಟು ಹೊತ್ತೂ ಡಿಮ್ಮು. ಇಂಥ ಮನೆಯವರು ಕೇಳಬೇಕಾದ ಪ್ರಶ್ನೆ ‘ಖಾಲಿಯಾದದ್ದು ಎಷ್ಟು ಹೊತ್ತಿಗೆ ತುಂಬುತ್ತೆ, ಎಷ್ಟು ವೋಲ್ಟೇಜಿನಲ್ಲಿ ತುಂಬುತ್ತೆ?’ ಎಂಬುದು. ಹೆಚ್ಚು ಮನೆಗಳಲ್ಲಿ ಕಾಣುವ 900 ವಿಎ ಸೈನ್‌ವೇವ್ ಇನ್ವರ್ಟರ್ ಮತ್ತು 12 ವೋಲ್ಟ್ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯ ಜೋಡಿಯನ್ನು ಇಲ್ಲಿ ಆ ಪ್ರಶ್ನೆ ಇಟ್ಟುಕೊಂಡೇ ತೂಗಿ ನೋಡಲಾಗಿದೆ. ವಿಎ ಎಂದರೆ ಇನ್ವರ್ಟರ್ ಒಮ್ಮೆಗೆ ಹೊರಬಲ್ಲ ಲೋಡಿನ ಅಳತೆ, ಎಎಚ್ (ಆಂಪಿಯರ್-ಅವರ್) ಎಂದರೆ ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ. ಸೈನ್‌ವೇವ್ ಎಂದರೆ ಲೈನಿನ ಕರೆಂಟಿನಂಥದೇ ನಯವಾದ ಅಲೆ, ಟ್ಯೂಬ್ಯುಲರ್ ಎಂದರೆ ಕೊಳವೆಯಾಕಾರದ ಪ್ಲೇಟಿನ, ಆಗಾಗ ನೀರು ಹಾಕಬೇಕಾದ ಸೀಸ-ಆಸಿಡ್ ಬ್ಯಾಟರಿ.

ಮೊದಲು ಲೆಕ್ಕ. 12 ವೋಲ್ಟ್ ಗುಣಿಸು 150 ಎಎಚ್ ಅಂದರೆ 1,800 ವ್ಯಾಟ್‌ಅವರ್, ಅಂದರೆ 1.8 ಯೂನಿಟ್. ಅದಷ್ಟೂ ಕೈಗೆ ಸಿಗುವುದಿಲ್ಲ. ಸೀಸ-ಆಸಿಡ್ ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಆಪತ್ಕಾಲಕ್ಕೆ 80 ಶೇಕಡದವರೆಗೆ ಇಳಿಸಬಹುದು, ಅದನ್ನೇ ದಿನಚರಿ ಮಾಡಬಾರದು. ಅರ್ಧ ಎಂದರೆ 900 ವ್ಯಾಟ್‌ಅವರ್. ಇನ್ವರ್ಟರ್ ತಾನು ತಿನ್ನುವುದನ್ನು ಕಳೆದರೆ ಸುಮಾರು 750 ಉಳಿಯುತ್ತದೆ. ಈಗ ಮನೆಯ ಲೋಡು: 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, 75 ವ್ಯಾಟಿನ ಎರಡು ಹಳೇ ಫ್ಯಾನು, ರೌಟರ್, ಎರಡು ಫೋನ್ ಚಾರ್ಜರ್, ಒಟ್ಟು 210 ವ್ಯಾಟಿನ ಆಸುಪಾಸು. ಮೂರೂವರೆ ಗಂಟೆ ಬಂದರೆ ಹೆಚ್ಚು. ಆ ಎರಡು ಫ್ಯಾನು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ಎಳೆಯುವ ಮೋಟರಿನ) ಫ್ಯಾನು ಹಾಕಿದರೆ ಅದೇ ಬ್ಯಾಟರಿ ಆರು ಗಂಟೆ ಬರುತ್ತದೆ. ಮಳೆಯ ತಂಪಿನಲ್ಲಿ ಫ್ಯಾನೇ ಬೇಡವೆಂದರೆ ಹತ್ತು ಗಂಟೆ, ಅಂದರೆ ಒಂದು ಇಡೀ ರಾತ್ರಿ. ಎರಡನೇ ಬ್ಯಾಟರಿ ಕೊಳ್ಳುವ ಮೊದಲು ಫ್ಯಾನು ಬದಲಿಸುವುದು ಮೇಲು. ಎರಡನೇ ಬ್ಯಾಟರಿಯನ್ನೂ ತುಂಬಿಸಬೇಕಲ್ಲ, ಅದಕ್ಕೆ ಕರೆಂಟು ಎಲ್ಲಿದೆ?

ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 10ರಿಂದ 20 ವ್ಯಾಟ್ ತಿನ್ನುತ್ತಿರುತ್ತದೆ. ಮನೆಮಂದಿಯೆಲ್ಲ ಮಲಗಿ, ಒಂದೇ ಒಂದು ಬಲ್ಬು ಉರಿಯುವಾಗ ಬಲ್ಬಿಗಿಂತ ಇನ್ವರ್ಟರೇ ಹೆಚ್ಚು ಖರ್ಚು ಮಾಡುತ್ತದೆ. ಕತ್ತಲೆ ಎರಡನೇ ದಿನಕ್ಕೆ ಹೋದರೆ ರಾತ್ರಿ ಇನ್ವರ್ಟರ್ ಆಫ್ ಮಾಡಿ, ಚಾರ್ಜ್ ಆಗುವ ಸಣ್ಣ ಲಾಟೀನು ಇಟ್ಟುಕೊಳ್ಳಿ. 8 ಗಂಟೆ ಆಫ್ ಇದ್ದರೆ 80ರಿಂದ 160 ವ್ಯಾಟ್‌ಅವರ್ ಉಳಿಯಿತು. ಮರುದಿನ ಫೋನುಗಳಿಗೂ ಬೆಳಕಿಗೂ ಅದು ದೊಡ್ಡ ಆಸರೆ.

ಈಗ ತುಂಬಿಸುವ ಮಾತು. ಈ ದರ್ಜೆಯ ಇನ್ವರ್ಟರುಗಳ ಚಾರ್ಜರ್ ಸಾಮಾನ್ಯವಾಗಿ 15 ಆಂಪಿಯರ್ ಆಸುಪಾಸಿನದು. ಅರ್ಧ ಖಾಲಿಯಾದ ಬ್ಯಾಟರಿಗೆ 75 ಎಎಚ್ ವಾಪಸ್ ಹಾಕಬೇಕು. ನಷ್ಟ ಸೇರಿ 85ರಿಂದ 90 ಎಎಚ್. 15 ಆಂಪಿಯರ್‌ನಲ್ಲಿ ಆರು ಗಂಟೆ ಎಂದು ಲೆಕ್ಕ ಬಂದರೂ ಆರು ಗಂಟೆಗೆ ಮುಗಿಯುವುದಿಲ್ಲ. ಬ್ಯಾಟರಿ ತುಂಬುತ್ತ ಬಂದಂತೆ ಅದು ಕರೆಂಟು ಎಳೆಯುವುದು ಕಡಿಮೆಯಾಗುತ್ತದೆ, ಕೊನೆಯ ಐದನೇ ಒಂದು ಭಾಗ ತೀರಾ ನಿಧಾನ. ಹಾಗಾಗಿ ಎಂಟು ಗಂಟೆ ಹಿಡಿಯಿರಿ. 80 ಶೇಕಡ ಖಾಲಿ ಮಾಡಿದ್ದರೆ 11-12 ಗಂಟೆ. ದಿನಕ್ಕೆ ಮೂರು ಗಂಟೆ ಕರೆಂಟು ಬರುವ ಮನೆಯಲ್ಲಿ ಈ ಬ್ಯಾಟರಿ ಎಂದೂ ತುಂಬುವುದಿಲ್ಲ, ಅರೆಹೊಟ್ಟೆಯಲ್ಲೇ ದಿನ ದೂಡುತ್ತದೆ.

ಅರೆಹೊಟ್ಟೆಯೇ ಸೀಸ-ಆಸಿಡ್ ಬ್ಯಾಟರಿಯನ್ನು ಕೊಲ್ಲುವುದು. ಖಾಲಿಯಾಗುವಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಆಗುವಾಗ ಕರಗುತ್ತದೆ. ವಾರಗಟ್ಟಲೆ ಪೂರ್ತಿ ಚಾರ್ಜ್ ಸಿಗದಿದ್ದರೆ ಅದು ಗಟ್ಟಿ ಹರಳಾಗಿ ಅಲ್ಲೇ ನಿಂತುಬಿಡುತ್ತದೆ. ಟ್ಯೂಬ್ಯುಲರ್ ಬ್ಯಾಟರಿ ಎತ್ತರದ್ದಾದ್ದರಿಂದ ಇನ್ನೊಂದು ತೊಂದರೆಯೂ ಇದೆ: ದಪ್ಪ ಆಸಿಡ್ ತಳಕ್ಕಿಳಿದು ತೆಳುವಾದದ್ದು ಮೇಲೆ ನಿಲ್ಲುತ್ತದೆ. ಪೂರ್ತಿ ಚಾರ್ಜಿನ ಕೊನೆಯಲ್ಲಿ ಗುಳ್ಳೆ ಎದ್ದಾಗ ಮಾತ್ರ ಅದು ಕಲೆತು ಸಮವಾಗುತ್ತದೆ. ಗುರುತು ಸುಲಭ. ಬಹಳ ಬೇಗ ‘ಫುಲ್’ ಎಂದು ತೋರಿಸುತ್ತದೆ, ಕರೆಂಟು ಹೋದ ಅರ್ಧ ಗಂಟೆಗೆ ಕೀಂ ಎನ್ನುತ್ತದೆ. ಕೊಂಡು ಎರಡು ವರ್ಷವೂ ಆಗದೆ ಬ್ಯಾಟರಿ ಕೈಕೊಟ್ಟಿತು ಎಂಬ ದೂರುಗಳಲ್ಲಿ ಬಹುಪಾಲು ಇದೇ. ಕಂಪನಿಯ ತಪ್ಪು ಅಂದುಕೊಂಡು ಅದೇ ಚಾರ್ಜರಿಗೆ ಹೊಸ ಬ್ಯಾಟರಿ ಕಟ್ಟಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಇನ್ನು ಡಿಮ್ಮು ಕರೆಂಟು. ಇನ್ವರ್ಟರಿನ ಹಿಂದೆ ಅಥವಾ ಮೆನುವಿನಲ್ಲಿ ಒಂದು ಸ್ವಿಚ್ ಇರುತ್ತದೆ: ಯುಪಿಎಸ್ ಮೋಡ್, ನಾರ್ಮಲ್ ಮೋಡ್. ಯುಪಿಎಸ್ ಮೋಡಿನಲ್ಲಿ ಅದು ಸುಮಾರು 180ರಿಂದ 260 ವೋಲ್ಟ್ ನಡುವಿನ ಕರೆಂಟನ್ನಷ್ಟೇ ಒಪ್ಪುತ್ತದೆ. ಲೈನಿನಲ್ಲಿ 165 ವೋಲ್ಟ್ ಇದ್ದರೆ ಕರೆಂಟೇ ಇಲ್ಲವೆಂದು ತಿಳಿದು ಬ್ಯಾಟರಿಯನ್ನೇ ಖರ್ಚು ಮಾಡುತ್ತ ಕೂರುತ್ತದೆ. ಪಕ್ಕದ ಮನೆಯಲ್ಲಿ ಬಲ್ಬು ಮಿಣಿಮಿಣಿ ಉರಿಯುತ್ತಿದ್ದರೂ ನಿಮ್ಮ ಬ್ಯಾಟರಿ ಬರಿದಾಗುತ್ತಿರುತ್ತದೆ. ನಾರ್ಮಲ್ ಮೋಡಿನಲ್ಲಿ ಸುಮಾರು 100ರಿಂದ 290 ವೋಲ್ಟ್‌ವರೆಗೆ ಒಪ್ಪಿ ಚಾರ್ಜ್ ಮಾಡುತ್ತದೆ. ಹಳ್ಳಿಮನೆಗೆ ನಾರ್ಮಲ್ ಮೋಡೇ ಸರಿ. ಆದರೆ ಆಗ 280 ವೋಲ್ಟ್ ಬಂದರೆ ಅದನ್ನೂ ಸೋಸದೆ ಮನೆಯೊಳಗೆ ಬಿಡುತ್ತದೆ ಎಂಬುದು ನೆನಪಿರಲಿ. ಅದಕ್ಕೆ ಬೇರೆ ಕಾವಲು ಬೇಕು, ಮುಂದೆ ಹೇಳಿದೆ.

ಚಾರ್ಜರಿನ ಒಳಗುಟ್ಟು ಇನ್ನೊಂದು. ಭಾರವಾದ ಟ್ರಾನ್ಸ್‌ಫಾರ್ಮರಿನ ಸರಳ ಮಾದರಿಗಳಲ್ಲಿ ಲೈನ್ ವೋಲ್ಟೇಜ್ ಇಳಿದಂತೆ ಚಾರ್ಜಿಂಗ್ ಆಂಪಿಯರೂ ಇಳಿಯುತ್ತದೆ. 160 ವೋಲ್ಟಿನಲ್ಲಿ ಚಾರ್ಜಿಂಗ್ ದೀಪ ಉರಿಯುತ್ತದೆ, ಒಳಗೆ ಹೋಗುವುದು ಒಂದೆರಡು ಆಂಪಿಯರ್. ವೋಲ್ಟೇಜ್ ಇಳಿದರೂ ಅದೇ ಕರೆಂಟನ್ನು ಹಿಡಿದುಕೊಳ್ಳುವ ಮಾದರಿಗಳಿವೆ. ಕೊಳ್ಳುವಾಗ ವಿವರಪಟ್ಟಿಯಲ್ಲಿ ಎಷ್ಟು ವೋಲ್ಟಿನವರೆಗೆ ಪೂರ್ತಿ ಚಾರ್ಜಿಂಗ್ ಎಂಬ ಸಾಲು ಹುಡುಕಿ. ಆ ಸಾಲೇ ಇಲ್ಲದಿದ್ದರೆ ಹಳ್ಳಿಗೆ ಅದು ಬೇಡ. ಡಿಸಿ ಕ್ಲ್ಯಾಂಪ್ ಮೀಟರ್ (ಕೇಬಲ್ಲಿಗೆ ಸಿಕ್ಕಿಸಿ ಹರಿಯುವ ಆಂಪಿಯರ್ ಅಳೆಯುವ ಸಾಧನ) ಇರುವ ಎಲೆಕ್ಟ್ರಿಶಿಯನ್ ಸಿಕ್ಕರೆ ಡಿಮ್ಮು ಇರುವ ಸಂಜೆಯೇ ಬ್ಯಾಟರಿ ಕೇಬಲ್ಲಿಗೆ ಹಾಕಿಸಿ ನೋಡಿ, ಎರಡು ನಿಮಿಷದ ಕೆಲಸ.

ಬ್ಯಾಟರಿ ಬಗೆ ಆರಿಸುವ ಸ್ವಿಚ್ಚೂ ಇರುತ್ತದೆ: ಫ್ಲಾಟ್ (ಚಪ್ಪಟೆ ಪ್ಲೇಟಿನದು), ಟ್ಯೂಬ್ಯುಲರ್, ಎಸ್‌ಎಂಎಫ್ (ನೀರು ಹಾಕಬೇಕಿಲ್ಲದ ಸೀಲ್ ಮಾಡಿದ್ದು). ಟ್ಯೂಬ್ಯುಲರ್ ಕಟ್ಟಿ ಎಸ್‌ಎಂಎಫ್‌ನಲ್ಲಿ ಬಿಟ್ಟರೆ ವೋಲ್ಟೇಜ್ ಸಾಲದೆ ಎಂದೂ ಪೂರ್ತಿ ತುಂಬದು. ಎಸ್‌ಎಂಎಫ್ ಕಟ್ಟಿ ಟ್ಯೂಬ್ಯುಲರಿನಲ್ಲಿ ಬಿಟ್ಟರೆ ಅದು ಒಣಗಿ ಸಾಯುತ್ತದೆ, ಅದಕ್ಕೆ ನೀರು ಹಾಕಲೂ ಆಗದು. ಕೂರಿಸುವವರು ಇದನ್ನು ನೋಡದೆ ಹೋಗುವುದು ತೀರಾ ಸಾಮಾನ್ಯ.

ಸೈನ್‌ವೇವ್ ಬಗ್ಗೆ ಹೆಚ್ಚು ಹೇಳುವುದು ಬೇಡ. ಅಗ್ಗದ ಸ್ಕ್ವೇರ್‌ವೇವ್‌ನಲ್ಲಿ ಫ್ಯಾನು ಗುಂಯ್ ಎನ್ನುತ್ತದೆ, ಮೋಟರಿರುವ ಯಾವುದೂ ಬಿಸಿಯಾಗುತ್ತದೆ. ಉಳಿತಾಯ ಮಾಡಬೇಕಾದ ಜಾಗ ಇದಲ್ಲ.

ಕೂರಿಸುವ ಜಾಗ ಮತ್ತು ವಯರು. 700 ವ್ಯಾಟ್ ಎಳೆದರೆ ಬ್ಯಾಟರಿ ಕೇಬಲ್ಲಿನಲ್ಲಿ 75 ಆಂಪಿಯರ್ ಹರಿಯುತ್ತದೆ. 16 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎರಡು ಮೀಟರ್ ದೂರ ಹೋದರೆ, ಹೋಗಿಬರುವ ನಾಲ್ಕು ಮೀಟರಿನಲ್ಲಿ ಸುಮಾರು 0.35 ವೋಲ್ಟ್ ನಷ್ಟ. ಕಡಿಮೆ ಅನ್ನಿಸಬಹುದು. ಆದರೆ ಇನ್ವರ್ಟರ್ 10.5 ವೋಲ್ಟಿಗೆ ಕಟ್ ಆಗುತ್ತದೆ. ಬ್ಯಾಟರಿಯಲ್ಲಿ ಇನ್ನೂ ಉಳಿದಿರುವಾಗಲೇ ಅದು ಮುಗಿಯಿತು ಎಂದುಕೊಳ್ಳುತ್ತದೆ. ಅದಕ್ಕೇ ಕಂಪನಿ ಕೊಟ್ಟ ಕೇಬಲ್ಲಿಗೆ ತುಂಡು ಸೇರಿಸಿ ಉದ್ದ ಮಾಡಬೇಡಿ. ದೂರ ಬೇಕೇ ಬೇಕೆಂದರೆ 25 ಚದರ ಮಿಲಿಮೀಟರಿನದು ಎಳೆಯಿರಿ. ಪಾಸಿಟಿವ್ ಟರ್ಮಿನಲ್ಲಿನ ಹತ್ತಿರವೇ ಡಿಸಿ ಫ್ಯೂಸ್ ಇರಲಿ. ಬ್ಯಾಟರಿ ನೇರ ಮೇಲ್ಗಡೆ ಇನ್ವರ್ಟರ್ ಇಡಬಾರದು, ಆಸಿಡ್ ಆವಿ ಬೋರ್ಡನ್ನು ತಿನ್ನುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಗಾಳಿಯಲ್ಲಿ ಅದು 4 ಶೇಕಡ ಮುಟ್ಟಿದರೆ ಕಿಡಿ ಸಾಕು. ಮುಚ್ಚಿದ ಬೀರುವಿನೊಳಗೆ, ಮಲಗುವ ಕೋಣೆಯಲ್ಲಿ, ದೇವರ ದೀಪದ ಪಕ್ಕ ಬ್ಯಾಟರಿ ಬೇಡ. ಅಂಗಳಕ್ಕೆ ನೀರು ನುಗ್ಗುವ ಜಾಗವಾದರೆ ನೀರಿನ ಹಳೇ ಗುರುತಿಗಿಂತ ಎರಡು ಅಡಿ ಮೇಲೆ, 55-60 ಕಿಲೋ ತಡೆಯುವ ಕಟ್ಟೆ ಕಟ್ಟಿಸಿ. ಬಿಸಿಲು ಬೀಳುವ ಗೋಡೆಯೂ ಬೇಡ: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಲ್ಲದೆ ಈ ಬ್ಯಾಟರಿ ಇಟ್ಟುಕೊಳ್ಳುವುದು ಕಣ್ಣು ಕಟ್ಟಿಕೊಂಡು ನಡೆದಂತೆ. ಮಳೆಗಾಲಕ್ಕೆ ಒಂದು ತಿಂಗಳ ಮೊದಲು ಪೂರ್ತಿ ಚಾರ್ಜ್ ಮಾಡಿ, ಚಾರ್ಜಿಂಗ್ ಆಫ್ ಮಾಡಿ ಒಂದೆರಡು ಗಂಟೆ ಬಿಡಿ. ಕನ್ನಡಕ, ಕೈಗವಸು ಹಾಕಿಕೊಂಡು ಒಂದೊಂದೇ ಮುಚ್ಚಳ ತಿರುಗಿಸಿ ತೆಗೆಯಿರಿ. ರಬ್ಬರ್ ಬುಡ್ಡೆ ಒತ್ತಿ, ತುದಿಯನ್ನು ಆಸಿಡ್ಡಿಗಿಳಿಸಿ, ನಿಧಾನ ಬಿಡಿ. ಒಳಗಿನ ಗಾಜಿನ ತೇಲು ಗೋಡೆಗೆ ತಾಗದೆ ನಿಂತಾಗ ಕಣ್ಣಿನ ಮಟ್ಟದಲ್ಲಿ ಓದಿ. ತುಂಬಿದ ಟ್ಯೂಬ್ಯುಲರಿನಲ್ಲಿ 1.240ರ ಆಸುಪಾಸು ಬರಬೇಕು. ಬ್ಯಾಟರಿಯ ಮೇಲೇ ಬರೆದ ಅಂಕಿ ಇದ್ದರೆ ಅದೇ ಪ್ರಮಾಣ. ಬ್ಯಾಟರಿಯೊಳಗಿನ ಆರು ಮನೆಗಳ (ಸೆಲ್‌ಗಳ) ಅಂಕಿಯನ್ನೂ ಬರೆದಿಡಿ. ಎಲ್ಲವೂ ಸಮವಾಗಿ ಕೆಳಗಿದ್ದರೆ ಹಸಿವು ಎಂದರ್ಥ, ಇನ್ನಷ್ಟು ಚಾರ್ಜ್ ಕೊಡಿ. ಐದು ಮನೆ ಸರಿಯಿದ್ದು ಒಂದು ಮಾತ್ರ 0.050ರಷ್ಟು ಕೆಳಗೆ ಬಿದ್ದಿದ್ದರೆ ಆ ಮನೆ ಹೋಗಿದೆ. ನೀರು ಹಾಕಿ ಅದನ್ನು ಉಳಿಸಲಾಗದು. ಗಾಳಿಮಳೆಯ ನಡುವೆ ಕೈಕೊಡುವ ಬದಲು ಈಗಲೇ ವಾರಂಟಿಗೆ ಕೇಳಿ.

ನೀರು ಹಾಕುವುದರಲ್ಲೂ ಕ್ರಮ ಇದೆ. ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರು, ಫಿಲ್ಟರ್ ನೀರು ಬೇಡ, ಆಸಿಡ್ ಅಂತೂ ಎಂದಿಗೂ ಬೇಡ. ನೀರಿನ ಮಟ್ಟ ತೋರಿಸುವ ತೇಲುಕಡ್ಡಿ ಕೆಂಪಿಗೆ ಇಳಿದಿದ್ದರೂ ಮೊದಲು ಚಾರ್ಜ್ ಮಾಡಿ ಆಮೇಲೆ ಹಾಕಿ. ಖಾಲಿ ಬ್ಯಾಟರಿಗೆ ಅಂಚಿನವರೆಗೆ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಚೆಲ್ಲುತ್ತದೆ. ಪ್ಲೇಟು ಗಾಳಿಗೆ ಬಿದ್ದಿದ್ದರೆ ಮಾತ್ರ, ಅದು ಮುಳುಗುವಷ್ಟು ಹಾಕಿ ಚಾರ್ಜ್ ಮಾಡಿ. ನೀರು ಹಾಕಿದ ಕೂಡಲೇ ಹೈಡ್ರೋಮೀಟರ್ ಇಳಿಸಬೇಡಿ, ಮೇಲೆ ನಿಂತ ನೀರಿನ ಅಂಕಿ ಬರುತ್ತದೆ. ಟರ್ಮಿನಲ್ಲಿನ ಹಸಿರು ಪುಡಿ ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿ ಮಾಡಿ, ಪೆಟ್ರೋಲಿಯಂ ಜೆಲ್ಲಿ ಸವರಿ. ಚೆಲ್ಲಿದ ಆಸಿಡ್ಡಿಗೆ ಹಾಕಲು ಒಂದು ಡಬ್ಬಿ ಅಡುಗೆಸೋಡ ಪಕ್ಕದಲ್ಲೇ ಇರಲಿ.

ಈ ಜೋಡಿಯಿಂದ ಏನು ಆಗದು? ಪಂಪು. ಅರ್ಧ ಎಚ್‌ಪಿ ಮೋಟರು ಓಡುವಾಗ 550ರಿಂದ 700 ವ್ಯಾಟ್ ಎಳೆದರೂ ಹೊರಡುವ ಕ್ಷಣಕ್ಕೆ ಅದರ ನಾಲ್ಕರಿಂದ ಆರು ಪಟ್ಟು ಕರೆಂಟು ಕೇಳುತ್ತದೆ, 900 ವಿಎ ತಡೆಯದು. ಇದಕ್ಕೆ ಪರಿಹಾರ ದೊಡ್ಡ ಇನ್ವರ್ಟರಲ್ಲ, ದೊಡ್ಡ ಟ್ಯಾಂಕ್. 1,000 ಲೀಟರ್ ನೀರನ್ನು 10 ಮೀಟರ್ ಎತ್ತಲು ಬೇಕಾದ ಶಕ್ತಿ ಲೆಕ್ಕದಲ್ಲಿ 27 ವ್ಯಾಟ್‌ಅವರ್. ಪಂಪಿನ ನಷ್ಟವೆಲ್ಲ ಸೇರಿದರೂ ನೂರರೊಳಗೆ. ಕರೆಂಟಿರುವಾಗ ನೀರನ್ನು ಮೇಲೇರಿಸಿಟ್ಟರೆ ಬೀಳುವ ನೀರಿಗೆ ಬ್ಯಾಟರಿಯೇ ಬೇಕಿಲ್ಲ. ಗಾಳಿಯ ಮುನ್ಸೂಚನೆ ಬಂದ ದಿನ ಟ್ಯಾಂಕು, ತೊಟ್ಟಿ, ಕೊಡ, ಬಕೆಟ್ ತುಂಬಿಸಿಡಿ. ಖಾಲಿ ಟ್ಯಾಂಕು ಗಾಳಿಗೆ ಹಾರುತ್ತದೆ, ತುಂಬಿದ್ದು ಕದಲದು. ಅದಕ್ಕೂ ಹಗ್ಗ ಬಿಗಿದಿರಲಿ. ದನಕರುಗಳಿದ್ದರೆ ಅವುಗಳ ನೀರನ್ನು ಬೇರೆಯಾಗಿ ಲೆಕ್ಕ ಹಾಕಿ, ಮನುಷ್ಯರಿಗಿಂತ ಅವುಗಳಿಗೇ ಹೆಚ್ಚು ಬೇಕು.

ಫ್ರಿಜ್ಜನ್ನೂ ಇದಕ್ಕೆ ಕಟ್ಟದಿರುವುದು ಒಳ್ಳೆಯದು. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿಯುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಖಾಲಿ ಜಾಗಕ್ಕೆ ನೀರಿನ ಬಾಟಲಿ ಇಟ್ಟು ಮೊದಲೇ ಗಡ್ಡೆ ಕಟ್ಟಿಸಿಡಿ.

ಇನ್ನು ಮೊದಲು ಹೇಳಿದ ಕಾವಲು. ಗಾಳಿಗೆ ಲೈನಿನ ನ್ಯೂಟ್ರಲ್ ತಂತಿ ಕಡಿದರೆ ಬೇರೆ ಬೇರೆ ಫೇಸಿನ ಮನೆಗಳು 400 ವೋಲ್ಟಿನ ನಡುವೆ ಸರಪಳಿಯಂತೆ ಸಿಕ್ಕಿಕೊಳ್ಳುತ್ತವೆ. ಲೋಡು ಹೆಚ್ಚಿರುವ ಮನೆಗೆ ಡಿಮ್ಮು, ಕಡಿಮೆ ಇರುವ ಮನೆಗೆ 300 ವೋಲ್ಟಿಗೂ ಮೇಲೆ. ಬಲ್ಬು ಇದ್ದಕ್ಕಿದ್ದಂತೆ ಬೆಳ್ಳಗೆ ಉರಿದರೆ ಏನೆಂದು ಯೋಚಿಸುತ್ತ ನಿಲ್ಲದೆ ಮೇನ್ ಸ್ವಿಚ್ ಎಳೆಯಿರಿ. ಇದನ್ನು ತಾನೇ ಮಾಡುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಮೀಟರಿನ ನಂತರ ಕೂರಿಸಿದರೆ ಇನ್ವರ್ಟರನ್ನೂ ಮನೆಯನ್ನೂ ಕಾಯುತ್ತದೆ. ಮೇಲಿನ ಮಿತಿ 265, ವಾಪಸ್ ಬರುವ ತಡೆ ಮೂರು ನಿಮಿಷ ಇಡಿ. ಕೆಳಗಿನ ಮಿತಿಯನ್ನು 180ಕ್ಕೆ ಇಟ್ಟರೆ ಡಿಮ್ಮಿನಲ್ಲಿ ಇನ್ವರ್ಟರಿಗೆ ಚಾರ್ಜಿಂಗೇ ಸಿಗದು; ಪಂಪಿಗೂ ಫ್ರಿಜ್ಜಿಗೂ ಬೇರೆ ಕಾವಲಿಟ್ಟು, ಇನ್ವರ್ಟರಿನ ದಾರಿಯಲ್ಲಿ ಕೆಳಮಿತಿಯನ್ನು ಆದಷ್ಟು ಇಳಿಸಿ. ಸರ್ಜ್ ಅರೆಸ್ಟರ್ (ಸಿಡಿಲಿನಿಂದ ಲೈನಿನಲ್ಲಿ ನುಗ್ಗುವ ವೋಲ್ಟೇಜನ್ನು ನೆಲಕ್ಕಿಳಿಸುವ ಸಾಧನ) ಕೂರಿಸಿದವರು ಅರ್ಥಿಂಗ್ ನೋಡುವುದೇ ಇಲ್ಲ. ಒಣಗಿದ ಅರ್ಥ್ ಗುಂಡಿಗೆ ಕಟ್ಟಿದ ಅರೆಸ್ಟರ್ ಗೋಡೆಯ ಅಲಂಕಾರ ಅಷ್ಟೇ. ಹತ್ತಿರಕ್ಕೆ ಬಡಿಯುವ ಸಿಡಿಲನ್ನು ಯಾವ ಸಾಧನವೂ ಪೂರ್ತಿ ತಡೆಯದು. ಗುಡುಗು ಕೇಳಿಸಿದ ಕೂಡಲೇ, ತಲೆಯ ಮೇಲೆ ಬರುವ ಮೊದಲೇ, ಇನ್ವರ್ಟರಿನ ಪ್ಲಗ್ ಕಿತ್ತಿಡಿ, ರೌಟರಿನ ಕೇಬಲ್ಲನ್ನೂ. ಸ್ವಿಚ್ ಆಫ್ ಮಾಡಿದರೆ ಸಾಲದು, ಆ ಸಣ್ಣ ಸಂದನ್ನು ಸಿಡಿಲು ಹಾರುತ್ತದೆ.

ಹಾಗಾದರೆ ಯಾರಿಗೆ ಈ ಜೋಡಿ? ಕೆಟ್ಟ ದಿನಗಳಲ್ಲೂ ಎಂಟು ಗಂಟೆ ಕರೆಂಟು ಬರುವ ಮನೆಗೆ ಧೈರ್ಯವಾಗಿ ಹೇಳಬಹುದು, ಟ್ಯೂಬ್ಯುಲರ್ ಗಟ್ಟಿಮುಟ್ಟು, ಯಾವ ಮೂಲೆಯಲ್ಲೂ ನೋಡಿಕೊಳ್ಳುವವರು ಸಿಗುತ್ತಾರೆ. ಮೂರು-ನಾಲ್ಕು ಗಂಟೆಯಷ್ಟೇ ಬರುವ ಮನೆಗೆ ಲಿಥಿಯಂ ಐರನ್ ಫಾಸ್ಫೇಟ್ ಮೇಲು. 12.8 ವೋಲ್ಟ್ 100 ಎಎಚ್‌ನದು 1.28 ಯೂನಿಟ್ ಹಿಡಿದು 80 ಶೇಕಡವನ್ನು ನಿರಾತಂಕವಾಗಿ ಕೊಡುತ್ತದೆ, ಅರೆಹೊಟ್ಟೆಗೆ ಅದು ಹೆದರುವುದಿಲ್ಲ, 50 ಆಂಪಿಯರ್ ಚಾರ್ಜರ್ ಕೊಟ್ಟರೆ ಎರಡು-ಎರಡೂವರೆ ಗಂಟೆಯಲ್ಲಿ ತುಂಬುತ್ತದೆ. ಆದರೆ ಹಳೇ ಇನ್ವರ್ಟರಿಗೆ ಹಾಗೇ ಕಟ್ಟಬೇಡಿ: ಲಿಥಿಯಂ ಸೆಟ್ಟಿಂಗ್ ಇರಬೇಕು, 15 ಆಂಪಿಯರ್ ಚಾರ್ಜರಿನಲ್ಲಿ ವೇಗದ ಲಾಭವೂ ಸಿಗದು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಕೂಡದು. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು, ಕೊನೆಯವರೆಗೂ ಒಂದೇ ಸಮ ಇದ್ದು ಒಮ್ಮೆಲೇ ಕತ್ತಲಾಗುತ್ತದೆ. ಶೇಕಡ ತೋರಿಸುವ ಮೀಟರ್ ಸಮೇತ ಕೊಳ್ಳಿ. ಸೋಲಾರ್ ಪ್ಯಾನಲ್ ಜೊತೆಗಿದ್ದರೆ ಒಳ್ಳೆಯದೇ, ಆದರೆ ದಟ್ಟ ಮೋಡದ ದಿನ ಬಿಸಿಲಿನ ದಿನದ ಹತ್ತನೇ ಒಂದರಿಂದ ನಾಲ್ಕನೇ ಒಂದು ಭಾಗವಷ್ಟೇ ಬರುತ್ತದೆ.

ಮೂರನೇ ದಿನಕ್ಕೆ ಜನರೇಟರೇ ಗತಿ. ಅದನ್ನು ಬಲ್ಬಿಗಾಗಿ ರಾತ್ರಿಯಿಡೀ ಓಡಿಸುವುದು ಪೆಟ್ರೋಲು ಸುಡುವ ಕೆಲಸ. ಬೆಳಗ್ಗೆ ಮೂರು ಗಂಟೆ ಹೊತ್ತು ಓಡಿಸಿ, ಮೊದಲು ಪಂಪು ಹಾಕಿ ಟ್ಯಾಂಕ್ ತುಂಬಿಸಿ, ಆಮೇಲೆ ಫ್ರಿಜ್ ಮತ್ತು ಬ್ಯಾಟರಿ ಚಾರ್ಜಿಂಗ್ ಒಟ್ಟಿಗೆ ಬಿಡಿ. ಅರ್ಧ ಎಚ್‌ಪಿ ಪಂಪಿದ್ದರೆ 3 ಕೆವಿಎ ನೋಡಿ. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆಕೊಳವೆ ಕಿಟಕಿಗಳಿಗೆ ಬೆನ್ನು ಹಾಕಿರಲಿ. ಮಳೆ ಬಂತೆಂದು ಜಗಲಿಗೆ, ಕೊಟ್ಟಿಗೆಗೆ ತಂದರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಮಲಗಿದವರನ್ನು ಕೊಲ್ಲುತ್ತದೆ; ಬದಲಿಗೆ ಅದಕ್ಕೇ ನಾಲ್ಕು ಕಂಬದ ತೆರೆದ ತಗಡಿನ ಚಪ್ಪರ ಹಾಕಿ. ಗೋಡೆಯ ಸಾಕೆಟ್ಟಿಗೆ ಎರಡು ತುದಿಯ ಪ್ಲಗ್ ಚುಚ್ಚಿ ಮನೆಗೆ ಕರೆಂಟು ಕೊಡುವುದು ಅಪರಾಧಕ್ಕೆ ಸಮ, ಅದು ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದಕ್ಕೆ ಏರಿ ಕಂಬದ ಮೇಲಿರುವ ಲೈನ್‌ಮನ್‌ನನ್ನು ಹೊಡೆಯುತ್ತದೆ. ಫೇಸೂ ನ್ಯೂಟ್ರಲ್ಲೂ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಹೊಸ ಎಂಜಿನ್ನಿಗೆ ಮೊದಲ 20 ಗಂಟೆಗೆ ಆಯಿಲ್ ಬದಲಿಸಿ, ಆಮೇಲೆ ಪ್ರತಿ 100 ಗಂಟೆಗೆ. ತಿಂಗಳಿಗೊಮ್ಮೆ ಲೋಡು ಹಾಕಿ 20 ನಿಮಿಷ ಓಡಿಸಿ. ಮಳೆಗಾಲ ಮುಗಿದ ಮೇಲೆ ಟ್ಯಾಂಕಿನ ಪೆಟ್ರೋಲು ತೆಗೆದು, ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರ್ ಒಣಗಿಸಿ. ಮುಂದಿನ ವರ್ಷ ಹಗ್ಗ ಎಳೆದಾಗ ಸ್ಟಾರ್ಟ್ ಆಗದಿರುವುದಕ್ಕೆ ಮೊದಲ ಕಾರಣ ಅದರೊಳಗೆ ಅಂಟಾಗಿ ಕೂತ ಹಳೇ ಪೆಟ್ರೋಲು.